ಗಾಳಿ ಹಾಯದ ಅಂಚು

ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ. ಈ ನಾಲ್ಕು ಊರುಗಳ ಹೆಸರನ್ನು ನಾನು ಇದೇ ಸಾಲಿನಲ್ಲಿ ಹೇಳುತ್ತೇನೆ. ಭೂಪಟದಲ್ಲಿ ನೋಡಿದರೆ ಇದಕ್ಕೆ ಅರ್ಥವಿಲ್ಲ, ಇದು ನನ್ನ ಬಸ್ಸುಗಳ ಸಾಲು. ಸೋಮವಾರ ಜಗಳೂರು, ಮಂಗಳವಾರ ಚನ್ನಗಿರಿ, ಬುಧವಾರ ಬೆಳಿಗ್ಗೆ ಹೊನ್ನಾಳಿ, ಅದೇ ಮಧ್ಯಾಹ್ನ ನ್ಯಾಮತಿ. ಪ್ರತಿ ಊರಿನಲ್ಲೂ ಒಂದು ತಾರಸಿ, ತಾರಸಿಯ ಮೇಲೆ ತಗಡಿನ ಮರೆಯಲ್ಲಿ ಒಂದು ಯಂತ್ರ. ಅದು ವಾರವಿಡೀ ಗಾಳಿಯನ್ನು ಎಳೆದುಕೊಂಡು, ರೊಟ್ಟಿಯಷ್ಟು ಅಗಲದ ಒಂದು ಬಿಳಿ ಕಾಗದದ ಮೂಲಕ ಹಾಯಿಸಿ, ಹೊರಗೆ ಬಿಡುತ್ತಿತ್ತು. ವಾರದ ಕೊನೆಗೆ ಕಾಗದ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು, ಹಳೆಯದನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವುದು ನನ್ನ ಕೆಲಸ. ಗುತ್ತಿಗೆಯ ಕೆಲಸ.

ಕಾಗದಕ್ಕೆ ಅಂಟುತ್ತಿದ್ದುದು ಹೆಚ್ಚಾಗಿ ರಸ್ತೆಯ ಧೂಳು, ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಅದರ ಹೊಟ್ಟು, ಕಸ ಸುಟ್ಟ ಹೊಗೆ. ಅವುಗಳಲ್ಲಿ ನಮಗೆ ಆಸಕ್ತಿ ಇರಲಿಲ್ಲ. ಧೂಳಿನ ಜೊತೆಗೆ ವಿಕಿರಣ ಸೂಸುವ ಕಣಗಳೇನಾದರೂ ಬಂದಿವೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಸೀಸದ ಇಟ್ಟಿಗೆಗಳ ನಡುವೆ ಇಟ್ಟ ಒಂದು ಉಪಕರಣ ನೋಡುತ್ತಿತ್ತು. ಮಣ್ಣಿನಲ್ಲಿ, ಕಲ್ಲಿನಲ್ಲಿ ಎಂದಿನಿಂದಲೂ ಇರುವಂಥದ್ದು ಸ್ವಲ್ಪ ಕಾಣುತ್ತಿತ್ತು. ಅದನ್ನು ಬರೆದುಕೊಂಡು ಎಲ್ಲರೂ ಊಟಕ್ಕೆ ಹೋಗುತ್ತಿದ್ದರು.

ಪ್ರಯೋಗಾಲಯದ ಮುಖ್ಯಸ್ಥರು, ನಾವು ಸರ್ ಎಂದಷ್ಟೇ ಕರೆಯುತ್ತಿದ್ದವರು, ಒಂದು ದಿನ ಫೋನ್ ಮಾಡಿದರು. ನಾನು ಸಂತೇಬೆನ್ನೂರಿನಲ್ಲಿ ನಿಂತ ಬಸ್ಸಿನಲ್ಲಿದ್ದೆ. ಸಂತೆಯ ದಿನ. ಕಾಲ ಬಳಿ ಯಾರದೋ ಈರುಳ್ಳಿ ಚೀಲ.

"ಎಲ್ಲಿದೀರಿ?"

"ಬಸ್ಸಲ್ಲಿ ಸರ್."

"ನಾಲ್ಕೂ ಕಾಗದದಲ್ಲಿ ಅಯೋಡಿನ್ ಬಂದಿದೆ. ಉಪ್ಪಿನ ಅಯೋಡಿನ್ ಅಲ್ಲ. ಎಂಟು ದಿನಕ್ಕೆ ಅರ್ಧ ಆಗುತ್ತಲ್ಲ, ಅದು. ಯಾರ ಹತ್ರಾನೂ ಮಾತಾಡಬೇಡಿ."

ಇಲ್ಲಿ ಒಂದು ತಿದ್ದುಪಡಿ. ನನ್ನ ಫೋನಿನಲ್ಲಿ ಆ ಕರೆ ಬುಧವಾರ ಬಂದಿದೆ. ಬುಧವಾರ ನಾನು ಹೊನ್ನಾಳಿಯಲ್ಲಿರುತ್ತಿದ್ದೆ, ಸಂತೇಬೆನ್ನೂರಿನ ಕಡೆ ಸುಳಿಯುತ್ತಿರಲಿಲ್ಲ. ಆದರೂ ಆ ಕರೆಯನ್ನು ನೆನೆದರೆ ಈರುಳ್ಳಿಯ ವಾಸನೆಯೇ ಬರುತ್ತದೆ. ಎರಡು ಬೇರೆ ದಿನಗಳನ್ನು ನಾನು ಎಲ್ಲಿಯೋ ಹೊಲಿದುಬಿಟ್ಟಿದ್ದೇನೆ. ಇದನ್ನು ಬಿಚ್ಚಿ ಸರಿಮಾಡಬಹುದಿತ್ತು. ಆದರೆ ಮುಂದೆ ಹೇಳಬೇಕಾದದ್ದು ಇಂಥದೇ ಇನ್ನೊಂದು ಹೊಲಿಗೆಯ ಬಗ್ಗೆ, ಆದ್ದರಿಂದ ಇದ್ದಂತೆಯೇ ಬಿಟ್ಟಿದ್ದೇನೆ.

ಸರ್ ಗೋಡೆಯ ಮೇಲೆ ಭೂಪಟ ಅಂಟಿಸಿ ಬಾಣಗಳನ್ನು ಬರೆದರು. ಆ ತಿಂಗಳು ಗಾಳಿ ಪಡುವಣದಿಂದ ಬೀಸುತ್ತದೆ. ಮೋಡದಂತೆ ಏನಾದರೂ ತೇಲಿಬಂದರೆ ಮೊದಲು ನ್ಯಾಮತಿಗೆ, ಆಮೇಲೆ ಹೊನ್ನಾಳಿಗೆ, ಚನ್ನಗಿರಿಗೆ, ಎಲ್ಲಕ್ಕೂ ಕೊನೆಗೆ ತೆಳ್ಳಗಾಗಿ ಜಗಳೂರಿಗೆ ಬರಬೇಕು. ಕಾಗದಗಳು ಹೇಳಿದ್ದು ಪೂರ್ತಿ ತಿರುಗಾಮುರುಗಾ. ಜಗಳೂರಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಚನ್ನಗಿರಿಯಲ್ಲಿ ಅದಕ್ಕಿಂತ ಕಡಿಮೆ, ಹೊನ್ನಾಳಿಯಲ್ಲಿ ಇನ್ನೂ ಕಡಿಮೆ, ನ್ಯಾಮತಿಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಅಣುಸ್ಥಾವರದಂಥ ಕಡೆಯಿಂದ ಸೋರಿದ್ದರೆ ಅಯೋಡಿನ್ ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಬೇರೆ ನಾಲ್ಕಾರು ಕಣಗಳೂ ಬರುತ್ತವೆ. ಇಲ್ಲಿ ಒಂದೂ ಇರಲಿಲ್ಲ. ಥೈರಾಯ್ಡ್ ರೋಗಿಗಳಿಗೆ ಈ ಅಯೋಡಿನ್ನನ್ನೇ ಔಷಧಿಯಾಗಿ ಕೊಡುತ್ತಾರೆಂದು ಸರ್ ಆಸ್ಪತ್ರೆಗಳಿಗೂ ಫೋನ್ ಮಾಡಿದರು. ಎಲ್ಲಿಯೂ ಏನೂ ಚೆಲ್ಲಿರಲಿಲ್ಲ. ಬೇರೆ ಜಿಲ್ಲೆಗಳ ಯಂತ್ರಗಳಿಗೂ ಏನೂ ಸಿಕ್ಕಿರಲಿಲ್ಲ. ನಾಲ್ಕು ತಾಲ್ಲೂಕುಗಳ ಮೇಲೆ ಮಾತ್ರ ನಿಂತು, ಗಾಳಿಗೆ ಎದುರಾಗಿ ನಡೆದ ಮೋಡ.

ನಾವಿಬ್ಬರೂ ಕೈಯಲ್ಲಿ ಹಿಡಿಯುವ ವಿಕಿರಣ ಮಾಪಕ ತೆಗೆದುಕೊಂಡು ಜಗಳೂರಿಗೆ ಹೋದೆವು. ಯಂತ್ರವಿದ್ದ ಕಚೇರಿಯ ಕಾವಲುಗಾರ ನಮಗಿಂತ ಮೊದಲೇ ತಾರಸಿ ಹತ್ತಿ ನಿಂತಿದ್ದ.

"ಏನ್ ಮೇಡಂ, ಈ ವಾರ ಗಾಳಿ ಸಾಲಲಿಲ್ವಾ? ನಮ್ಮೂರಲ್ಲಿ ಮಳೆ ಕೈ ಕೊಡ್ತೈತೆ, ಗಾಳಿ ಯಾವತ್ತೂ ಕೈ ಕೊಟ್ಟಿಲ್ಲ ಕಣ್ರಿ."

"ಗಾಳಿ ಸಾಕಾಗಿದೆ."

"ಮತ್ಯಾಕೆ ಸಾಹೇಬ್ರನ್ನೂ ಕರ್ಕಂಡು ಬಂದ್ರಿ? ಏನಾರ ಕಳುವಾಗೈತಾ?"

"ಕಳುವಾಗಿಲ್ಲ. ಏನೋ ಬಂದು ಸೇರ್ಕೊಂಡಿದೆ."

"ಅಯ್ಯ, ಬಂದು ಸೇರಿದ್ರೆ ಒಳ್ಳೇದೇ ಆತಲ್ಲ ಬಿಡ್ರಿ. ಈ ಆಫೀಸಿಗೆ ಹೊಸದಾಗಿ ಏನಾದ್ರೂ ಬಂದು ಎಷ್ಟೋ ವರ್ಷ ಆಗಿತ್ತು."

ಮಾಪಕವನ್ನು ನೀರಿನ ತೊಟ್ಟಿ, ಬೇವಿನ ಎಲೆ, ತಾರಸಿಯ ಮೂಲೆಯ ಮಣ್ಣು, ಕೊನೆಗೆ ಅವನ ಚಪ್ಪಲಿಯ ಮೇಲೂ ಆಡಿಸಿದೆವು. ಎಲ್ಲೂ ಏನೂ ಇಲ್ಲ.

ಹಿಂದಿರುಗುವಾಗ ಸರ್ ಖಾಲಿ ಕಾಗದದ ಬಗ್ಗೆ ಕೇಳಿದರು. ಪ್ರತಿ ವಾರ ನಾಲ್ಕು ಕಾಗದದ ಜೊತೆಗೆ ಐದನೆಯದೊಂದನ್ನು ಯಂತ್ರಕ್ಕೆ ಹಾಕದೆ ಸುಮ್ಮನೆ ಜೊತೆಯಲ್ಲಿ ಒಯ್ದು ವಾಪಸು ತರಬೇಕು. ಗಾಳಿ ಕಾಣದ ಆ ಕಾಗದದಲ್ಲಿ ಏನೂ ಇರಬಾರದು, ಇದ್ದರೆ ತಪ್ಪು ನಮ್ಮಲ್ಲಿದೆ ಎಂದರ್ಥ. ಆ ವಾರದ ಖಾಲಿ ಕಾಗದ ಅವರಿಗೆ ತಲುಪಿರಲಿಲ್ಲ.

"ಕೊಟ್ಟಿದೀನಿ ಸರ್," ಎಂದೆ. "ನಿಮ್ಮ ಟೇಬಲ್ ಮೇಲೇ ಇಟ್ಟಿದೀನಿ. ಎಡಗಡೆ."

ಎಡಗಡೆ ಎಂಬ ಪದವನ್ನು ನಾನು ಅಷ್ಟು ಖಚಿತವಾಗಿ ಯಾಕೆ ಸೇರಿಸಿದೆನೋ ತಿಳಿಯದು. ಎರಡು ದಿನದ ನಂತರ ಆ ಕಾಗದ ನನ್ನ ಡೈರಿಯೊಳಗೆ, ಬಟರ್ ಪೇಪರಿನ ಲಕೋಟೆಯ ಸಮೇತ ಸಿಕ್ಕಿತು. ಪುಟದ ಗುರುತಿಗೆಂದು ನಾನೇ ಇಟ್ಟುಕೊಂಡಿದ್ದೆ. ಪರೀಕ್ಷಿಸಿದರೆ ಅದರಲ್ಲೂ ಅಯೋಡಿನ್.

ಯಂತ್ರವನ್ನೇ ಕಾಣದ ಕಾಗದದಲ್ಲಿ ಅಯೋಡಿನ್ ಇದ್ದರೆ ಅದು ಗಾಳಿಯಿಂದ ಬಂದದ್ದಲ್ಲ. ಸರ್ ಆ ಐದು ಕಾಗದಗಳನ್ನೂ ಎಕ್ಸ್‌ರೇ ಫಿಲ್ಮಿನ ಮೇಲೆ ಒತ್ತಿ ಕತ್ತಲಲ್ಲಿಟ್ಟರು. ಗಾಳಿಯ ಧೂಳಾಗಿದ್ದರೆ ಫಿಲ್ಮಿನ ಮೇಲೆ ಇಡೀ ವೃತ್ತ ಸಮನಾಗಿ ಮಸುಕಾಗಬೇಕಿತ್ತು. ನಡುವೆ ಏನೂ ಇರಲಿಲ್ಲ. ಅಂಚಿನಲ್ಲಿ, ರಬ್ಬರ್ ಬಳೆ ಬಿಗಿಯಾಗಿ ಕೂರುವ, ಗಾಳಿ ಹಾಯಲಾರದ ಜಾಗದಲ್ಲಿ, ಹುಣಿಸೆಬೀಜದಷ್ಟು ಒಂದು ಕಪ್ಪು ಗುರುತು. ಐದರಲ್ಲೂ. ಒಂದನೇ ನಂಬರಿನದು ಗಾಢ, ಐದನೆಯದು ತೀರಾ ತೆಳು. ಒಂದನೇ ನಂಬರು ಯಾವಾಗಲೂ ಜಗಳೂರಿಗೆ ಹೋಗುತ್ತಿತ್ತು, ಯಾಕೆಂದರೆ ನನ್ನ ಮೊದಲ ಬಸ್ಸು ಅಲ್ಲಿಗೆ.

"ಬೆರಳು," ಎಂದರು ಸರ್.

ಮಾಪಕವನ್ನು ನನ್ನ ಕೈಗಳ ಮೇಲೆ ಆಡಿಸಿದರು. ಬೆರಳು, ಉಗುರು, ಕೊನೆಗೆ ಕುತ್ತಿಗೆ. ಏನೂ ಇಲ್ಲ.

"ನಿಮಗೂ ಮೊದಲು ಈ ಕಾಗದ ಮುಟ್ಟೋರು ಯಾರು?"

ಇನ್ನೊಬ್ಬರೇ ಇದ್ದರು. ಚನ್ನಗಿರಿಯ ಕಾಲೇಜೊಂದರ ತಾರಸಿಯ ಯಂತ್ರವನ್ನು ನೋಡಿಕೊಳ್ಳುತ್ತಿದ್ದ, ನಾನು ಅಕ್ಕ ಎನ್ನುತ್ತಿದ್ದವಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಕಾಗದಗಳ ಕಟ್ಟು ಇರುತ್ತಿದ್ದುದು ತಾರಸಿಯ ಮೇಲಿನ ಅವಳ ಕೋಣೆಯಲ್ಲೇ. ಪ್ರತಿ ಶನಿವಾರ ಐದು ಕಾಗದ ಬಿಡಿಸಿ, ಪೆನ್ಸಿಲಿನಲ್ಲಿ ಒಂದರಿಂದ ಐದರವರೆಗೆ ನಂಬರು ಹಾಕಿ, ಲಕೋಟೆಗೆ ಸೇರಿಸಿ ನನಗೆ ಕೊಡುತ್ತಿದ್ದಳು. ಗಾಜಿನ ನೂಲಿನಿಂದ ಮಾಡಿದ ಆ ಕಾಗದಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕೈಗವಸು ಹಾಕಿ ಚಿಮುಟದಿಂದ ಬಿಡಿಸಬೇಕೆಂಬುದು ನಿಯಮ. ಅವಳು ಮೊದಲು ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿದ್ದವಳು. ಕೈಗವಸು ಕಳಚಿ, ತೋರುಬೆರಳನ್ನು ಒಮ್ಮೆ ನಾಲಿಗೆಗೆ ಒತ್ತಿ, ಐದನ್ನೂ ಸರಕ್ಕನೆ ಎಳೆದು ಎಣಿಸುತ್ತಿದ್ದಳು. ನಾನು ಅದನ್ನು ಎಷ್ಟೋ ಶನಿವಾರ ಎದುರಿಗೆ ಕೂತು ನೋಡಿದ್ದೇನೆ. ನೋಟುಪುಸ್ತಕದ ಪುಟ ತಿರುಗಿಸುವಾಗ ನಾನೂ ಹಾಗೆಯೇ ಮಾಡುತ್ತೇನೆ. ತಪ್ಪೆಂದು ಹೊಳೆಯಲೇ ಇಲ್ಲ.

"ಅವರು ಈ ಔಷಧಿ ತಗೊಂಡಿರಬೇಕು," ಎಂದರು ಸರ್. "ಫಾರಂನಲ್ಲಿ ಆ ಪ್ರಶ್ನೆ ಇದೆಯಲ್ಲ. ಕೇಳಿದ್ರಾ?"

ಪ್ರತಿ ವಾರ ನಾಲ್ಕೂ ಊರಿನ ಸಿಬ್ಬಂದಿಗೆ ಒಂದೊಂದು ಫಾರಂ. ಕಾಗದ ಹರಿದಿತ್ತೇ, ಕರೆಂಟು ಹೋಗಿತ್ತೇ, ವಿಕಿರಣದ ಚಿಕಿತ್ಸೆ ಏನಾದರೂ ತೆಗೆದುಕೊಂಡಿರಾ. ಉತ್ತರ ಕೇಳಿ ಗುರುತು ಹಾಕಬೇಕಾದವಳು ನಾನು.

"ಕೇಳಿದೀನಿ ಸರ್. ಇಲ್ಲ ಅಂದ್ರು."

"ಹಾಗಾದ್ರೆ ಮುಚ್ಚಿಟ್ಟಿದಾರೆ. ಮುಚ್ಚಿಟ್ಟರೆ ಕೆಲಸದಿಂದ ತೆಗೆಯಲೇಬೇಕು. ಕಾರಣ ಬರೆದು ಮನೆ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಹೋಗುತ್ತೆ. ನೀವು ಕೇಳಿದ್ದು, ಅವರು ಇಲ್ಲ ಅಂದಿದ್ದು, ಎರಡನ್ನೂ ಬರೆದು ಸಹಿ ಮಾಡಿ ಕೊಡಿ. ಸೋಮವಾರದೊಳಗೆ."

ಆ ಐದು ಕಾಗದಗಳನ್ನು ಅವಳಿಂದ ಪಡೆದ ಶನಿವಾರ ನನಗೆ ಚೆನ್ನಾಗಿ ನೆನಪಿತ್ತು. ಅಕ್ಕ ಬೆಂಚಿನ ಆ ತುದಿಯಲ್ಲಿ ಎಲೆ ಅಡಿಕೆಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನಾನು ಒಳಗೆ ಕಾಲಿಡುತ್ತಿದ್ದಂತೆ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕ. ಹತ್ರ ಬರಬ್ಯಾಡ. ಹೊರಗಾಗಿದೀನಿ."

ಅವಳ ಮನೆಯಲ್ಲಿ ಮುಟ್ಟಾದ ಹೆಂಗಸರು ಮೂರು ದಿನ ಪಕ್ಕದ ಕೋಣೆಯಲ್ಲಿ ಕೂರಬೇಕು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಅವಳು ಅದನ್ನು ಎಂದೂ ಪಾಲಿಸಿದವಳಲ್ಲ. ಅತ್ತೆಯ ಕಣ್ಣು ತಪ್ಪಿಸಿ ಅಡುಗೆಮನೆಗೆ ನುಗ್ಗಿದ ಕಥೆಗಳನ್ನು ಅವಳೇ ಹೇಳಿ ನಗಿಸುತ್ತಿದ್ದಳು. ಅಂಥವಳು ಕೆಲಸದ ಜಾಗದಲ್ಲೂ ಹೀಗೆನ್ನುವುದನ್ನು ಕೇಳಿ ನನಗೆ ರೇಗಿತು.

"ಯಾವ ಕಾಲದಲ್ಲಿದೀಯ ಅಕ್ಕ? ಕಾಲೇಜಿಗೂ ತಂದ್ಯಾ ನಿಮ್ಮತ್ತೆ ಶಾಸ್ತ್ರಾನ?"

"ತಂದೆ ಕಣೆ. ನಿಂಗೇನು? ದೂರ ಇರು ಅಂದ್ರೆ ಇರು."

ಬೇಕೆಂದೇ ಹೋಗಿ ಅವಳಿಗೆ ಒತ್ತಿ ಕೂತೆ. ಅವಳು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೈಯಿಂದ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡೆ. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಆ ಮಧ್ಯಾಹ್ನವೆಲ್ಲ ಅನ್ನಿಸುತ್ತಿತ್ತು. ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಆಮೇಲೆ ನಾನು ಫಾರಂ ತೆಗೆದು ಔಷಧಿಯ ಪ್ರಶ್ನೆ ಕೇಳಿದೆ. ಅವಳು ಹಸಿರು ಸ್ವೆಟರಿನ ತೋಳು ಮೇಲೇರಿಸುತ್ತ, "ನಂಗ್ಯಾತರ ಔಷಧಿ, ಗುಂಡುಕಲ್ಲಿದ್ದಂಗಿದೀನಿ," ಎಂದಳು.

ಇಷ್ಟು ಸ್ಪಷ್ಟವಾಗಿ ನೆನಪಿದ್ದುದರಿಂದಲೇ ಬರೆದುಕೊಡುವ ಮೊದಲು ಅವಳನ್ನು ನೋಡಿ ಬರೋಣವೆನ್ನಿಸಿತು. ಭಾನುವಾರ ಕಾಲೇಜಿನಲ್ಲಿ ಯಾರೂ ಇರುವುದಿಲ್ಲ. ಫೋನ್ ಮಾಡಿ ತಾರಸಿಗೆ ಬರಹೇಳಿದೆ. ಫಿಲ್ಮಿನ ಫೋಟೋ ತೋರಿಸಿ ಎಲ್ಲವನ್ನೂ ಹೇಳಿದೆ. ಅವಳು ತುಂಬ ಹೊತ್ತು ಫೋಟೋ ನೋಡಿದಳು.

"ನನ್ ಬೆರಳು ಇಷ್ಟು ದಪ್ಪ ಐತಾ?"

"ಅಕ್ಕ, ಔಷಧಿ ತಗಂಡಿದ್ಯಾ ಇಲ್ವಾ?"

ತಗೊಂಡಿದ್ದಳು. ಕೆಲವು ತಿಂಗಳಿಂದ ಎದೆ ಡವಗುಟ್ಟುವುದು, ಕೈ ನಡುಗುವುದು. ಗಂಟಲಿನ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿದೆಯೆಂದು ಡಾಕ್ಟರು ಹೇಳಿದ್ದರು. ನೆಂಟರ ಮದುವೆಯೆಂದು ಮನೆಯಲ್ಲಿ ಸುಳ್ಳು ಹೇಳಿ ಗಂಡ ಆಸ್ಪತ್ರೆಗೆ ಕರೆದೊಯ್ದಿದ್ದ.

"ಒಂದೇ ಒಂದು ಗುಳಿಗೆ ಕಣೆ. ಕೊಟ್ಟೋರೇ ಮಾರುದೂರ ನಿಂತ್ಕಂಡು ಕೊಟ್ರು. ಮನೇಗೆ ಹೋಗಿ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಹಾಸಿಗೆ. ಮಗೀನ ಮುಟ್ಟಂಗಿಲ್ಲ. ಇದನ್ನೆಲ್ಲ ಮನೇಲಿ ಏನಂತ ಹೇಳಲಿ? ಹೊರಗಾಗಿದೀನಿ ಅಂದೆ. ನಮ್ಮತ್ತೆಗೆ ಖುಷಿಯೋ ಖುಷಿ. ಈಗಲಾದ್ರೂ ಬುದ್ಧಿ ಬಂತಲ್ಲ ಅಂತ ಬಿಸಿ ರೊಟ್ಟಿ ಬಾಗಿಲಿಗೇ ತಂದಿಟ್ಲು. ಮೂರು ದಿನ ಸಾಲ್ದಾತು. ಈ ಸಲ ನಿಲ್ತಾ ಇಲ್ಲ ಅಂತ ಹೇಳಿ ಎರಡು ವಾರ ಕೂತೆ."

"ಮನೇಲೇ ಇರಬಾರದಿತ್ತಾ? ಇಲ್ಲಿಗ್ಯಾಕೆ ಬಂದೆ?"

"ಮಗು ಬಾಗಿಲಿಗೆ ಬಂದು ಅಳೋದು. ಐದು ವರ್ಷದ್ದು, ಅದಕ್ಕೇನು ಗೊತ್ತಾಗ್ತೈತೆ? ಜನರಿಂದ ದೂರ ಇರು ಅಂದಿದ್ರು ಡಾಕ್ಟ್ರು. ತಾರಸಿಗಿಂತ ದೂರ ಯಾವ್ದೈತೆ ಹೇಳು? ಕಾಗೆ ಬಿಟ್ರೆ ಯಾರು ಬರ್ತಾರೆ ಇಲ್ಲಿಗೆ? ಬರೋಳು ನೀನೊಬ್ಳು. ದೂರ ನಿಂತ್ಕ ಅಂದ್ರೆ ಮೈಮೇಲೆ ಬಂದು ಕೂತೆ."

"ಎಲೆ ಅಡಿಕೆ?"

"ಬಾಯಿ ಒಣಗಿಸಬ್ಯಾಡ, ಹುಳಿ ಚೀಪ್ತಿರು ಅಂದ್ರು. ನಿಂಬೆಹಣ್ಣು ಎಷ್ಟಂತ ಚೀಪಲಿ? ನಾಲಿಗೆ ಹರಿದೋತು. ಎಲೆ ಹಾಕ್ಕಂಡೆ, ಬಾಯಿ ತುಂಬ ನೀರಾತು."

ಬಾಯಿಯ ಆ ನೀರಿನಲ್ಲೇ ಅಯೋಡಿನ್ ಇದ್ದುದು. ಅಲ್ಲಿಂದ ಬೆರಳಿಗೆ, ಬೆರಳಿನಿಂದ ಕಾಗದದ ಅಂಚಿಗೆ. ಇದನ್ನು ಹೇಳಿದಾಗ ಅವಳು ಯಂತ್ರದ ಕಡೆ ನೋಡಿದಳು. ಅದು ಎಂದಿನಂತೆ ಗುಂಯ್‌ಗುಡುತ್ತಿತ್ತು.

"ನೀವು ಗಾಳೀಲಿ ಹುಡುಕ್ತಿದ್ರಿ. ನಾನೇನ್ ಗಾಳೀನಾ? ನನಗೆ ಹೆಂಗೆ ಹೊಳೀಬೇಕು?"

ನೌಕರಿ ಹೋಗಬಹುದೆಂದೆ. ಪತ್ರದ ವಿಷಯವನ್ನೂ ಹೇಳಿದೆ. ಅದುವರೆಗೆ ನಗುತ್ತಿದ್ದವಳು ತಾರಸಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಕೆಲಸ ಹೋದ್ರೆ ಹೋಗ್ಲಿ. ಕಾಗದ ಮನೇಗೆ ಬರಬಾರ್ದು ಕಣೆ. ನಮ್ಮತ್ತೆ ಎಲ್ಲ ಕಾಗದಾನೂ ಒಡೆದು ಓದ್ತಾಳೆ. ವಿಕಿರಣ ಅಂತ ಒಂದು ಅಕ್ಷರ ಕಂಡ್ರೂ ಮಗೀನ ನನ್ ಕೈಗೆ ಕೊಡಲ್ಲ. ಡಾಕ್ಟ್ರು ಈಗ ಏನೂ ಇಲ್ಲ, ಎತ್ಕ ಅಂದಿದಾರೆ. ಅವಳಿಗೆ ಡಾಕ್ಟ್ರು ಯಾವ ಲೆಕ್ಕ? ಎರಡು ವಾರ ಪಕ್ಕದಲ್ಲಿ ಮಲಗಿಸ್ಕಂಡು ರುಚಿ ಹತ್ತೈತೆ. ಅಜ್ಜಿ ಹತ್ರಾನೇ ಇರ್ತೀನಿ ಅಂತ ಮಗು ಬಾಯಲ್ಲಿ ಹೇಳಿಸ್ತಾಳೆ ಈಗ."

"ಆವತ್ತು ನಾನು ಕೇಳಿದಾಗ ನೀನು ಹೇಳಬಹುದಿತ್ತಲ್ಲ ಅಕ್ಕ."

"ಯಾವತ್ತು ಕೇಳ್ದೆ?"

"ಅದೇ ಶನಿವಾರ. ಗುಂಡುಕಲ್ಲಿದ್ದಂಗಿದೀನಿ ಅಂದ್ಯಲ್ಲ. ಹಸಿರು ಸ್ವೆಟರ್ ಹಾಕ್ಕಂಡಿದ್ದೆ."

"ನನ್ ಹತ್ರ ಹಸಿರು ಸ್ವೆಟರ್ ಎಲ್ಲೈತೆ? ಈ ಧಗೇಲಿ ಯಾರಾದ್ರೂ ಸ್ವೆಟರ್ ಹಾಕ್ತಾರಾ? ನೀನು ಯಾವ ವಾರ ಕೇಳೀಯ? ಬರ್ತೀಯ, ಎಲ್ಲದಕ್ಕೂ ನೀನೇ ಟಿಕ್ ಹಾಕ್ಕಂತೀಯ, ಹೋಗ್ತೀಯ."

ನನಗೆ ಸಿಟ್ಟು ಬಂತು. ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾಳೆ ಎನ್ನಿಸಿತು. ಬಾಡಿಗೆ ಕೋಣೆಗೆ ಬಂದು ಆ ವಾರದ ನಾಲ್ಕು ಫಾರಂಗಳ ನಕಲನ್ನು ಹಾಸಿಗೆಯ ಮೇಲೆ ಹರಡಿದೆ. ನಾಲ್ಕರಲ್ಲೂ ಒಂದೇ ನೀಲಿ ಪೆನ್ನು, ಒಂದೇ ಓರೆಯ ಗುರುತುಗಳು, ಒಂದೇ ದಿನಾಂಕ. ಜಗಳೂರಿನಲ್ಲೂ ನ್ಯಾಮತಿಯಲ್ಲೂ ಒಂದೇ ದಿನ ನಾನು ಇರಲು ಸಾಧ್ಯವಿಲ್ಲ. ಬಸ್ಸಿನಲ್ಲೋ ಕೋಣೆಯಲ್ಲೋ ಕೂತು ಒಂದೇ ಬಾರಿಗೆ ತುಂಬಿದ್ದೆ. ಜಗಳೂರಿನ ಕಾವಲುಗಾರನಿಗೆ ಫೋನ್ ಮಾಡಿ, ಔಷಧಿಯ ಪ್ರಶ್ನೆ ಯಾವತ್ತಾದರೂ ಕೇಳಿದ್ದೇನೆಯೇ ಎಂದೆ.

"ಇಲ್ಲ ಬಿಡ್ರಿ. ನೀವು ನನ್ನ ಆರಾಮಾ ಅಂತಾನೂ ಕೇಳಿದೋರಲ್ಲ. ಯಾಕ್ರಿ, ಏನಾದ್ರೂ ಔಷಧಿ ಕೊಡ್ತೀರೇನು?"

ಆದರೂ ಗುಂಡುಕಲ್ಲಿನ ಮಾತು ನನ್ನ ಕಿವಿಯಲ್ಲಿತ್ತು. ಅದು ಎಲ್ಲಿಂದ ಬಂತು? ಬೇರೆ ಯಾವಾಗಲೋ ಅವಳು ಆಡಿದ ಮಾತಿರಬಹುದು. ಸ್ವೆಟರು ಇನ್ಯಾರದೋ. ಸರ್ ಮೊದಲ ಸಲ ಕೇಳಿದ ಗಳಿಗೆಯಲ್ಲೇ ಇವೆಲ್ಲ ಸೇರಿ ಒಂದು ದೃಶ್ಯವಾಗಿ, ನನ್ನನ್ನು ಉಳಿಸಲು ಬಂದು ನಿಂತಿರಬಹುದು. ಹೀಗೆ ವಿವರಿಸಿದರೂ ಆ ದೃಶ್ಯ ಮಾಸಲಿಲ್ಲ. ಸುಳ್ಳೆಂದು ಗೊತ್ತಾದರೆ ನೆನಪು ಮಸುಕಾಗುತ್ತದೆಂದು ನಾನು ತಿಳಿದಿದ್ದೆ. ಹಾಗಾಗುವುದಿಲ್ಲ.

ಎರಡು ಹೇಳಿಕೆ ಬರೆದೆ. ಮೊದಲನೆಯದು ನನ್ನ ನೆನಪಿನ ಪ್ರಕಾರ: ಕೇಳಿದೆ, ಇಲ್ಲವೆಂದರು. ಅರ್ಧ ಪುಟ, ಸಲೀಸಾಗಿ ಬಂತು. ಎರಡನೆಯದು ಫಾರಂಗಳ ಪ್ರಕಾರ: ನಾನು ಕೇಳಿಲ್ಲ, ಯಾವ ವಾರವೂ ಕೇಳಿಲ್ಲ, ಉತ್ತರಗಳನ್ನು ನಾನೇ ತುಂಬಿದ್ದೇನೆ. ಬೆರಳಿಗೆ ಎಂಜಲು ಹಚ್ಚಿ ಕಾಗದ ಬಿಡಿಸುವುದನ್ನು ಕಂಡೂ ತಡೆದಿಲ್ಲ. ಇದನ್ನು ಬರೆಯಲು ಇಡೀ ಸಂಜೆ ಬೇಕಾಯಿತು, ಯಾಕೆಂದರೆ ಪ್ರತಿ ವಾಕ್ಯಕ್ಕೂ ತಲೆಯೊಳಗಿನ ದೃಶ್ಯ ಅಡ್ಡ ಬರುತ್ತಿತ್ತು. ಸಹಿ ಮಾಡಿದ್ದು ಎರಡನೆಯದಕ್ಕೆ. ಅಕ್ಕನಿಗೋಸ್ಕರ ಎಂದು ಹೇಳಿಕೊಳ್ಳಬಹುದು. ಸಹಿ ಮಾಡುವಾಗ ಅವಳ ಮಗಳ ಯೋಚನೆ ಇತ್ತು ಎನ್ನುವುದೂ ನಿಜ. ಆದರೆ ಫಾರಂಗಳನ್ನು ನೋಡದೆ ಹೋಗಿದ್ದರೆ ಯಾವುದಕ್ಕೆ ಸಹಿ ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಸರ್ ಎರಡು ಸಲ ಓದಿದರು.

"ಅವತ್ತು ಕೇಳಿದೀನಿ ಅಂದ್ರಿ."

"ಹೌದು ಸರ್."

"ಈಗ ಕೇಳಿಲ್ಲ ಅಂತೀರಿ."

"ಹೌದು ಸರ್."

"ಕೇಳದೇ ಇದ್ದ ಮೇಲೆ ಅವರು ಮುಚ್ಚಿಟ್ಟ ಹಾಗೆ ಆಗಲ್ಲ. ಇದು ನಿಮ್ಮ ಮೇಲೇ ಬರುತ್ತೆ, ಗೊತ್ತಲ್ಲ?"

ಬಂತು. ವರದಿಯಲ್ಲಿ ಅಯೋಡಿನ್ನಿನ ಮೂಲ ವಾತಾವರಣವಲ್ಲ, ಕಾಗದ ಸಿದ್ಧಪಡಿಸುವಾಗಿನ ಸ್ಪರ್ಶ ಎಂದು ಬರೆದು, ಲೋಪ ಕ್ಷೇತ್ರ ಸಹಾಯಕಿಯದು, ಅಂದರೆ ನನ್ನದು, ಎಂದು ಸೇರಿಸಿದರು. ಅಕ್ಕನ ಪ್ರಸ್ತಾಪ 'ಸಿಬ್ಬಂದಿಯೊಬ್ಬರು' ಎಂಬಲ್ಲಿಗೆ ಮುಗಿಯಿತು. ಅವಳ ಮನೆಗೆ ಯಾವ ಪತ್ರವೂ ಹೋಗಲಿಲ್ಲ. ನನ್ನನ್ನು ಊರು ಸುತ್ತುವ ಕೆಲಸದಿಂದ ತೆಗೆದು, ಗುತ್ತಿಗೆ ಮುಗಿಯುವ ತನಕ ಪ್ರಯೋಗಾಲಯದಲ್ಲಿ ಕಾಗದದ ಚೌಕಟ್ಟು ತೊಳೆಯಲು ಹಾಕಿದರು. ಗುತ್ತಿಗೆ ಮುಂದುವರಿಯಲಿಲ್ಲ.

ಚನ್ನಗಿರಿಯ ಕೋಣೆ ಖಾಲಿ ಮಾಡಿದ ದಿನ ಅಕ್ಕನ ಮನೆಗೆ ಹೋದೆ. ಅತ್ತೆ ಚಹಾ ಕೊಟ್ಟು, ಸೊಸೆ ಕೇಳಲೆಂದೇ ದೊಡ್ಡ ದನಿಯಲ್ಲಿ ಹೇಳಿದಳು: "ಒಂದ್ ಸಲ ನೆಟ್ಟಗೆ ಹೊರಗೆ ಕೂತಿದ್ಲು ನೋಡವ್ವ, ಎರಡು ವಾರ. ಈಗ ಮತ್ತೆ ಶುರು. ಮುಟ್ಟಾಗ್ಲಿ ಬಿಡ್ಲಿ, ಒಳಗೇ ಓಡಾಡ್ತಾಳೆ. ಮಗೀನ ಒಂದು ಗಳಿಗೆ ಕೆಳಗಿಳಿಸಲ್ಲ." ಅಕ್ಕ ಮಗಳನ್ನು ತೊಡೆಯ ನಡುವೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಹುಡುಗಿ ತಲೆ ಅಲ್ಲಾಡಿಸಿದಾಗಲೆಲ್ಲ ಮೊಟಕುತ್ತಿದ್ದಳು.

ಬೀದಿಯವರೆಗೆ ಬಂದು ಕಳಿಸುವಾಗ ಅವಳು ದನಿ ತಗ್ಗಿಸಿದಳು.

"ಒಂದು ಮಾತು. ನೀನು ಕೇಳಿದ್ದೆ ಕಣೆ."

"ಏನನ್ನ?"

"ಔಷಧೀದು. ಆವತ್ತೇ ಅಲ್ಲ, ಅದರ ಮುಂದಿನ ವಾರ ಅನ್ಸುತ್ತೆ. ಇಲ್ಲ ಅಂದಿದ್ದೆ ನಾನು."

"ತಾರಸಿ ಮೇಲೆ ಕೇಳೇ ಇಲ್ಲ ಅಂದ್ಯಲ್ಲ."

"ಅಂದೆ. ಆವಾಗ ಹಂಗನ್ನದೆ ಇನ್ನೇನನ್ಲಿ?"

ಅವಳ ಮುಖ ನೋಡಿದೆ. ಕೆಲಸ ಕಳೆದುಕೊಂಡವಳಿಗೆ ಸಮಾಧಾನವಾಗಲೆಂದು ಹೇಳುತ್ತಿದ್ದಾಳೋ, ನಿಜವನ್ನೇ ಹೇಳುತ್ತಿದ್ದಾಳೋ, ಅಥವಾ ನಾನು ತಾರಸಿಯ ಮೇಲೆ ಅಷ್ಟು ಬಲವಾಗಿ ಹೇಳಿದ್ದರಿಂದ ಅವಳಿಗೂ ಅಂಥದೊಂದು ದೃಶ್ಯ ಹುಟ್ಟಿಕೊಂಡಿತೋ ತಿಳಿಯಲಿಲ್ಲ. ಮುಂದಿನ ವಾರದ ಫಾರಂ ಪ್ರಯೋಗಾಲಯದಲ್ಲಿದೆ. ಅದರ ಮೇಲೂ ನನ್ನದೇ ಓರೆ ಗುರುತು ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೇನೋ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅರ್ಧ ಜಡೆಯ ಹುಡುಗಿ ಹೊಸ್ತಿಲಿಗೆ ಬಂದು ಅವ್ವಾ ಎಂದು ಕೂಗಿದಳು. ಅಕ್ಕ ಬಂದೆ ಎಂದು ಒಳಗೆ ಹೋದಳು.